ಶ್ಲಾಖ್ತಾ ಅಂದರೆ ಯಾರು? ಪೋಲೆಂಡಿನ ಒಂದು ಪದದ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಪೋಲೆಂಡಿನ ಇತಿಹಾಸದ ಯಾವ ಪುಟ ತೆರೆದರೂ ಈ ಪದ ಎದುರಿಗೆ ಬಂದು ನಿಲ್ಲುತ್ತದೆ. ನಾನು ಮೊದಲ ಸಲ ನೋಡಿದಾಗ ‘ಸ್ಜ್‌ಲಾಚ್ತಾ’ ಅಂತ ಓದಿಕೊಂಡೆ. ಅರ್ಥ ಗೊತ್ತಿರಲಿಲ್ಲ. ಜಮೀನ್ದಾರರು ಇರಬೇಕು ಅಂದುಕೊಂಡು ಮುಂದೆ ಹೋದೆ. ಎರಡೂ ತಪ್ಪು ಅಂತ ಗೊತ್ತಾಗಲು ಬಹಳ ದಿನ ಹಿಡಿಯಿತು. ಆಮೇಲೆ ಈ ಪದದ ಬೆನ್ನು ಹತ್ತಿದೆ. ನನಗೇ ಹುಟ್ಟಿದ ಪ್ರಶ್ನೆಗಳು, ಸ್ನೇಹಿತರು ಕೇಳಿದ ಪ್ರಶ್ನೆಗಳು ಎಲ್ಲ ಇಲ್ಲಿವೆ.

ಇದನ್ನು ಹೇಗೆ ಉಚ್ಚರಿಸಬೇಕು?

ಶ್ಲಾಖ್ತಾ. ನಡುವಿನ ‘ಖ್’ ನಮ್ಮ ‘ಸುಖ’ದ ಖ ಅಲ್ಲ. ಉರ್ದು ಬಲ್ಲವರು ‘ಖಬರ್’ ಅನ್ನುವಾಗ ಗಂಟಲಿನಿಂದ ಉಜ್ಜಿ ಬರುತ್ತದಲ್ಲ, ಆ ಸದ್ದು. ಇದು ಇಡೀ ವರ್ಗದ ಹೆಸರು. ಅದರಲ್ಲಿ ಒಬ್ಬ ಗಂಡಸಾದರೆ ‘ಶ್ಲಾಖ್ಚಿಟ್ಸ್’, ಹೆಂಗಸಾದರೆ ‘ಶ್ಲಾಖ್ಚಾಂಕಾ’. ನಾಲಿಗೆ ತೊಡರಿದರೆ ಬೇಜಾರಾಗಬೇಡಿ, ನನಗೂ ಇನ್ನೂ ತೊಡರುತ್ತದೆ.

ಒಂದೇ ಮಾತಿನಲ್ಲಿ ಹೇಳಿ, ಇವರು ಯಾರು?

ಹಳೆಯ ಪೋಲೆಂಡಿನಲ್ಲಿ, ಆಮೇಲೆ ಪೋಲೆಂಡ್ ಮತ್ತು ಲಿಥುವೇನಿಯಾ ಸೇರಿ ಆದ ದೊಡ್ಡ ರಾಜ್ಯದಲ್ಲಿ, ಹುಟ್ಟಿನಿಂದ ವಿಶೇಷ ಹಕ್ಕು ಪಡೆದಿದ್ದ ಕುಲೀನ ವರ್ಗ. ಯುದ್ಧ ಬಂದರೆ ಕತ್ತಿ ಹಿಡಿದು ಹೋಗಬೇಕಾದವರು ಇವರು. ಕಾನೂನು ಮಾಡುವವರು, ರಾಜನನ್ನು ಆರಿಸುವವರೂ ಇವರೇ. ಆದರೆ ಎಲ್ಲರೂ ಹಣವಂತರಲ್ಲ. ಎಲ್ಲರಿಗೂ ಜಮೀನೂ ಇರಲಿಲ್ಲ. ಈ ಪದದ ಸ್ವಾರಸ್ಯ ಇರುವುದೇ ಇಲ್ಲಿ.

ಪದ ಎಲ್ಲಿಂದ ಬಂತು?

ಜರ್ಮನ್ ಭಾಷೆಯಿಂದ. ಹಳೆಯ ಜರ್ಮನ್‌ನಲ್ಲಿ ‘ಸ್ಲಾಹ್ತಾ’ ಅಂದರೆ ಕುಲ, ವಂಶ, ಬಗೆ. ಇವತ್ತಿನ ಜರ್ಮನ್‌ನ ‘ಗೆಶ್ಲೆಖ್ಟ್’ ಅದರದೇ ಬಳಗ. ಅದಕ್ಕೂ ವಂಶ ಅನ್ನುವ ಅರ್ಥ ಇದೆ. ಜರ್ಮನ್‌ನಿಂದ ಚೆಕ್ ಭಾಷೆಗೆ ಹೋಗಿ ‘ಶ್ಲೆಖ್ತಾ’ ಆಯಿತು, ಅಲ್ಲಿಂದ ಪೋಲೆಂಡಿಗೆ ದಾಟಿತು. ಮಧ್ಯಯುಗದಲ್ಲಿ ಪೋಲೆಂಡಿನವರು ಈ ದಾರಿಯಲ್ಲಿ ಬೇಕಾದಷ್ಟು ಪದ ತರಿಸಿಕೊಂಡಿದ್ದಾರೆ. ಕುಲದ ಲಾಂಛನಕ್ಕೆ ಅವರು ಹೇಳುವ ‘ಹೆರ್ಬ್’ ಕೂಡ ಹೀಗೇ ಬಂದದ್ದು. ಅದರ ಜರ್ಮನ್ ಮೂಲ ‘ಎರ್ಬೆ’, ಅಂದರೆ ಪಿತ್ರಾರ್ಜಿತ. ‘ರಿತ್ಸೆಷ್’, ಅಂದರೆ ಕುದುರೆ ಮೇಲಿನ ವೀರ, ಅದೂ ಜರ್ಮನ್‌ನ ‘ರಿಟರ್’ನಿಂದ.

ಅಂದರೆ ಪದದೊಳಗೆ ದುಡ್ಡಿನ ಸುದ್ದಿ ಇಲ್ಲ, ಅಧಿಕಾರದ ಸುದ್ದಿಯೂ ಇಲ್ಲ. ಯಾರ ಮಗ, ಯಾವ ಮನೆತನ ಅನ್ನುವುದಷ್ಟೇ ಇದೆ. ಮುಂದಿನ ನಾಲ್ಕೈದು ಶತಮಾನದ ಕಥೆಯನ್ನೆಲ್ಲ ಈ ಒಂದು ಗಂಟು ಹಿಡಿದೇ ಬಿಚ್ಚಬಹುದು.

‘ಕಡಿಯುವುದು’ ಅನ್ನುವ ಪದದಿಂದ ಬಂತು ಅಂತ ಓದಿದ್ದೆ. ಸುಳ್ಳಾ?

ಪೂರ್ತಿ ಸುಳ್ಳೂ ಅಲ್ಲ, ನಿಜವೂ ಅಲ್ಲ. ಜರ್ಮನ್‌ನಲ್ಲಿ ‘ಶ್ಲಾಖ್ಟೆನ್’ ಅಂದರೆ ಪ್ರಾಣಿಯನ್ನು ಕಡಿಯುವುದು. ‘ಶ್ಲಾಖ್ಟ್’ ಅಂದರೆ ಕಾಳಗ. ಸದ್ದು ಇಷ್ಟು ಹತ್ತಿರ ಇರುವಾಗ, ಕತ್ತಿ ಹಿಡಿದ ಜನರ ಹೆಸರು ಅದರಿಂದಲೇ ಬಂತು ಅಂತ ಹೇಳಿಬಿಡುವುದು ಸುಲಭ. ಹಳೆಯ ಕಾಲದಲ್ಲೇ ಹಾಗೆ ಹೇಳಿದವರಿದ್ದಾರೆ. ಯೋಧರಿಗೆ ಯೋಧರ ಪದ ಇಷ್ಟ ಆಗದೇ ಇರುತ್ತದೆಯೇ?

ಆದರೆ ಪೋಲಿಷ್ ಪದ ಬಂದದ್ದು ಕುಲ ಅನ್ನುವ ಅರ್ಥದ ಪದದಿಂದ. ಸ್ವಾರಸ್ಯ ಏನೆಂದರೆ ಆ ‘ಕುಲ’ ಮತ್ತು ಈ ‘ಕಡಿ’ ಎರಡೂ ಜರ್ಮನ್‌ನಲ್ಲಿ ಒಂದೇ ಬೇರಿನವು. ಬೇರಿನ ಅರ್ಥ ‘ಹೊಡೆ’. ಹೊಡೆಯುವುದಕ್ಕೂ ಕುಲಕ್ಕೂ ಏನು ಸಂಬಂಧ? ಮಗು ಅಪ್ಪನ ಹಾಗೇ ಇದ್ದರೆ ಜರ್ಮನರು ಇವತ್ತಿಗೂ ‘ಅಪ್ಪನ ಕಡೆಗೆ ಹೊಡೆದಿದೆ’ ಅನ್ನುವ ಅರ್ಥದ ಮಾತು ಹೇಳುತ್ತಾರೆ. ನಾವೇನು ಹೇಳುತ್ತೇವೆ? ‘ಅಪ್ಪನನ್ನೇ ಅಚ್ಚು ಹೊಡೆದ ಹಾಗಿದ್ದಾನೆ.’ ಎರಡು ಭಾಷೆಗಳಿಗೆ ಯಾವ ನೆಂಟಸ್ತನವೂ ಇಲ್ಲ. ಆದರೂ ಎರಡಕ್ಕೂ ಹೋಲಿಕೆ ಹೇಳುವಾಗ ನೆನಪಾದದ್ದು ಹೊಡೆತವೇ. ಇದು ಗೊತ್ತಾದ ದಿನ ನನಗೆ ಸುಮ್ನೆ ಖುಷಿಯಾಯಿತು.

ಕನ್ನಡದಲ್ಲಿ ಏನು ಅನ್ನಬಹುದು? ಶ್ರೀಮಂತರು ಅಂದರೆ ಸಾಲದೇ?

ಸಾಲದು. ಶ್ರೀಮಂತ ಅಂದ ಕೂಡಲೇ ಈಗಿನ ಓದುಗನಿಗೆ ದುಡ್ಡು ಕಾಣುತ್ತದೆ. ಇವರಲ್ಲಿ ಬಹಳ ಮಂದಿಯ ಹತ್ತಿರ ಅದೇ ಇರಲಿಲ್ಲ. ಜಮೀನ್ದಾರ ಅಂದರೆ ತುಂಡು ನೆಲವೂ ಇಲ್ಲದವರು ಹೊರಗೆ ಉಳಿಯುತ್ತಾರೆ. ಸಾಮಂತ ಅಂದರೆ ಮೇಲೊಬ್ಬ ದೊರೆ, ಕೆಳಗೊಬ್ಬ ಚಿಕ್ಕ ದೊರೆ ಅನ್ನುವ ಮೆಟ್ಟಿಲು ಕಣ್ಣಿಗೆ ಬರುತ್ತದೆ. ಪಶ್ಚಿಮ ಯುರೋಪಿನಲ್ಲಿ ಅಂಥ ಮೆಟ್ಟಿಲು ಇತ್ತು, ಇಲ್ಲಿ ಅದು ಬೇರು ಬಿಡಲಿಲ್ಲ.

‘ಕುಲೀನ’ ನನಗೆ ಒಪ್ಪಿಗೆ. ಕುಲ ಇರುವವನು ಕುಲೀನ. ಶ್ಲಾಖ್ತಾ ಪದವೂ ಒಳಗೊಳಗೆ ಹೇಳುವುದು ಅದನ್ನೇ. ಅಪರೂಪಕ್ಕೆ ಒಂದು ಅನುವಾದ ಬೇರಿನವರೆಗೂ ಸರಿಹೋಗುತ್ತದೆ.

ಎಷ್ಟು ಜನ ಇದ್ದರು?

ಜಾಸ್ತಿ. ಯುರೋಪಿನ ಲೆಕ್ಕಕ್ಕೆ ತೀರಾ ಜಾಸ್ತಿ. ಫ್ರಾನ್ಸಿನಲ್ಲಿ ಕುಲೀನರು ಜನಸಂಖ್ಯೆಯ ಶೇಕಡಾ 1ರ ಆಸುಪಾಸು. ಇಲ್ಲಿ ಸಾಮಾನ್ಯವಾಗಿ ಹೇಳುವ ಅಂದಾಜು ಶೇಕಡಾ 8ರಿಂದ 10. ವಾರ್ಸಾ ಸುತ್ತಲಿನ ಮಜೋವಿಯಾ ಸೀಮೆಯಲ್ಲಂತೂ ಕೆಲವು ಕಡೆ ಐದರಲ್ಲಿ ಒಬ್ಬ ಶ್ಲಾಖ್ಚಿಟ್ಸ್. ಊರಿಗೆ ಊರೇ ಕುಲೀನರು. ಅಂಥ ಊರಿಗೆ ‘ಜಾಶ್ಚಾನೆಕ್’ ಅಂತ ಹೆಸರೇ ಇದೆ. ಅಲ್ಲಿ ಒಕ್ಕಲು ಮಕ್ಕಳಿಲ್ಲ, ಆಳುಗಳಿಲ್ಲ. ತಮ್ಮ ಹೊಲ ತಾವೇ ಉಳಬೇಕು. ನೇಗಿಲು ಹಿಡಿದವನು ಕತ್ತಿಯನ್ನು ಹೊಲದ ಬದುವಿನಲ್ಲಿ ನೆಟ್ಟು ಉಳುತ್ತಿದ್ದ ಅಂತ ಹೇಳುತ್ತಾರೆ. ಹೊಟ್ಟೆಪಾಡಿಗೆ ನೇಗಿಲು, ಆದರೆ ನಾನು ರೈತನಲ್ಲ ಅಂತ ದಾರಿಹೋಕರಿಗೆ ಹೇಳಲು ಕತ್ತಿ.

ಬಡ ಕುಲೀನ, ಶ್ರೀಮಂತ ಕುಲೀನ ಇಬ್ಬರೂ ನಿಜವಾಗಿ ಸಮಾನರಾಗಿದ್ದರೇ?

ಕಾನೂನಿನಲ್ಲಿ ಹೌದು. ಪೋಲಿಷ್‌ನಲ್ಲಿ ಪ್ರಾಸಬದ್ಧವಾದ ಒಂದು ಗಾದೆ ಇದೆ. ಕನ್ನಡದಲ್ಲಿ ಹೇಳಿದರೆ ‘ತನ್ನ ಹಿತ್ತಲಲ್ಲಿ ನಿಂತ ಶ್ಲಾಖ್ಚಿಟ್ಸ್ ವೊಯೆವೋಡನಿಗೆ ಸಮ’. ವೊಯೆವೋಡ ಅಂದರೆ ಒಂದು ಪ್ರಾಂತ್ಯದ ಮುಖ್ಯಸ್ಥ. ಒಬ್ಬರನ್ನೊಬ್ಬರು ಕರೆಯುವುದು ‘ಪಾನ್ಯೆ ಬ್ರಾಚ್ಯೆ’, ಅಂದರೆ ‘ಒಡೆಯಾ, ಅಣ್ಣಾ’ ಅಂತ. ಸಾವಿರಾರು ಎಕರೆಯವನೂ ಒಂಟೆತ್ತಿನವನೂ ಬಾಯಿಮಾತಿನಲ್ಲಿ ಅಣ್ಣತಮ್ಮಂದಿರು.

ಬಿರುದುಗಳ ವಿಷಯದಲ್ಲಿ ಇದನ್ನು ಗಟ್ಟಿಯಾಗಿ ಹಿಡಿದಿದ್ದರು. ಪಶ್ಚಿಮದ ಹಾಗೆ ಕೌಂಟ್, ಬ್ಯಾರನ್ ಅಂತ ಮೇಲು ಕೀಳು ಇಲ್ಲಿ ಬೆಳೆಯಲಿಲ್ಲ. 1569ರಲ್ಲಿ ಲುಬ್ಲಿನ್ ಒಪ್ಪಂದದಿಂದ ಪೋಲೆಂಡ್ ಮತ್ತು ಲಿಥುವೇನಿಯಾ ಒಂದಾದಾಗ ಲಿಥುವೇನಿಯಾ ಕಡೆಯ ಕೆಲವು ರಾಜಮನೆತನಗಳ ಹಳೆಯ ಬಿರುದಿಗೆ ಮಾತ್ರ ಒಪ್ಪಿಗೆ ಸಿಕ್ಕಿತು. ಯಾರೋ ಹೊರದೇಶದ ದೊರೆಯಿಂದ ಬಿರುದು ತಂದು ಮೆರೆಯಲು ಶುರು ಮಾಡಿದಾಗ, 1638ರಲ್ಲಿ ಸೇಯ್ಮ್ ಅದನ್ನು ನಿಷೇಧಿಸಿತು. ಸೇಯ್ಮ್ ಅಂದರೆ ಅವರ ಸಂಸತ್ತು.

ಆದರೆ ಬಟ್ಟೆ ಸುಳ್ಳು ಹೇಳುವುದಿಲ್ಲ. ಅನುಕೂಲಸ್ಥರು ಕಡುಗೆಂಪು ಬಟ್ಟೆ ಹಾಕುತ್ತಿದ್ದರು. ಆ ಬಣ್ಣದ ಹೆಸರೇ ಅವರಿಗೂ ಅಂಟಿಕೊಂಡು ‘ಕರ್ಮಜಿನ್’ ಅಂದರೆ ಹಳೆಯ ದೊಡ್ಡ ಮನೆತನದವನು ಅಂತಾಯಿತು. ಕಿವಿಗೆ ಪರಿಚಿತ ಅನಿಸಿತೇ? ನಮ್ಮ ‘ಕಿರಮಂಜಿ’ ಬಣ್ಣ ಇದೆಯಲ್ಲ, ಅದರ ಅಣ್ಣನೋ ತಮ್ಮನೋ ಇದು. ಕೆಂಪು ಬಣ್ಣ ಕೊಡುವ ಹುಳುವಿಗೆ ಅರಬ್ಬಿ, ಪರ್ಷಿಯನ್‌ನಲ್ಲಿದ್ದ ಹೆಸರು ಒಂದು ಕಡೆ ಅಲ್ಲಿಗೆ ಹೋಯಿತು, ಒಂದು ಕಡೆ ಇಲ್ಲಿಗೆ ಬಂತು. ಬಡ ಕುಲೀನನಿಗೆ ಬಣ್ಣ ಹಾಕಿಸುವ ಶಕ್ತಿ ಇಲ್ಲ, ಬೂದು ಬಟ್ಟೆಯೇ ಗತಿ. ಅವನ ಹೆಸರು ‘ಶರಾಚೆಕ್’, ಬೂದುಬಣ್ಣದ ಪುಟ್ಟವನು. ಏನೂ ಇಲ್ಲದವರ ಗುಂಪಿಗೆ ‘ಗೊವೋತಾ’, ಅಂದರೆ ಬೆತ್ತಲೆಯವರು. ಅಣ್ಣ ಅಂತ ಕರೆದ ಬಾಯಲ್ಲೇ ಬೆತ್ತಲೆಯವರು ಅಂತಲೂ ಕರೆದರು.

ಇನ್ನು ರಾಜಿವಿಲ್, ಪೊಟೊತ್ಸ್ಕಿ ಮುಂತಾದ ಮ್ಯಾಗ್ನೇಟ್, ಅಂದರೆ ಅತಿ ಸಿರಿವಂತ ಕುಲೀನ ಮನೆತನಗಳಿಗೆ ಸ್ವಂತ ಸೈನ್ಯ, ಸ್ವಂತ ಪಟ್ಟಣಗಳಿದ್ದವು. ಗೊವೋತಾ ಜನ ಅವರ ಮನೆಯಲ್ಲಿ ಉಂಡು, ಅವರು ಹೇಳಿದ ಕಡೆ ಕೈ ಎತ್ತುತ್ತಿದ್ದರು. ಸಮಾನತೆ ಕಾಗದದ ಮೇಲಿತ್ತು, ಊಟ ಮ್ಯಾಗ್ನೇಟನ ಮನೆಯಲ್ಲಿತ್ತು.

ಇಷ್ಟೊಂದು ಹಕ್ಕು ಸಿಕ್ಕಿದ್ದು ಹೇಗೆ?

ರಾಜರಿಗೆ ಅಡಚಣೆ ಬಂದಾಗಲೆಲ್ಲ ಒಂದೊಂದಾಗಿ ಕಿತ್ತುಕೊಂಡರು. ಶುರುವಾದದ್ದು 1374ರಲ್ಲಿ, ಕೊಶಿತ್ಸೆ ಎಂಬಲ್ಲಿ. ಆಗ ಪೋಲೆಂಡಿಗೂ ರಾಜನಾಗಿದ್ದ ಹಂಗೇರಿಯ ಲೂಯಿಗೆ ಗಂಡುಮಕ್ಕಳಿರಲಿಲ್ಲ. ಮಗಳಿಗೆ ಪಟ್ಟ ಕಟ್ಟಲು ಕುಲೀನರ ಒಪ್ಪಿಗೆ ಬೇಕಿತ್ತು. ಅವರು ಒಪ್ಪಿದರು. ಬದಲಿಗೆ ತೆರಿಗೆಯನ್ನು ಒಂದು ಅಳತೆ ಜಮೀನಿಗೆ ವರ್ಷಕ್ಕೆ 2 ಗ್ರೊಷ್ ನಾಣ್ಯಕ್ಕೆ ಇಳಿಸಿಕೊಂಡರು. ಮುಂದೆ 1384ರಲ್ಲಿ ಲೂಯಿಯ ಮಗಳು ಯಾದ್ವಿಗಾ ಪಟ್ಟಕ್ಕೇರಿದಳು. ರಾಣಿ ಅಂತಲ್ಲ, ‘ರಾಜ’ ಅಂತಲೇ ಕಿರೀಟ ಇಟ್ಟರು.

1430ರ ದಶಕದ ಹೊತ್ತಿಗೆ ಇನ್ನೊಂದು ಹಕ್ಕು ಸಿಕ್ಕಿತು. ನ್ಯಾಯಾಲಯದ ತೀರ್ಪಿಲ್ಲದೆ ಆಸ್ತಿ ಇರುವ ಕುಲೀನನನ್ನು ಬಂಧಿಸುವ ಹಾಗಿಲ್ಲ. 1505ರಲ್ಲಿ ರಾದೋಮ್‌ನಲ್ಲಿ ಸೇರಿದ ಸೇಯ್ಮ್ ‘ನಿಹಿಲ್ ನೋವಿ’ ಅನ್ನುವ ಕಾನೂನು ಮಾಡಿತು. ಲ್ಯಾಟಿನ್‌ನಲ್ಲಿ ‘ಹೊಸದು ಏನೂ ಇಲ್ಲ’ ಅಂತ ಅರ್ಥ. ನಮ್ಮ ಒಪ್ಪಿಗೆ ಇಲ್ಲದೆ ರಾಜ ಹೊಸ ಕಾನೂನು ತರುವ ಹಾಗಿಲ್ಲ ಅಂತ.

ಆಮೇಲೆ 1572ರಲ್ಲಿ ಯಾಗಿಯೆಲ್ಲೊ ವಂಶದ ಕೊನೆಯ ರಾಜ ಗಂಡುಸಂತಾನ ಇಲ್ಲದೆ ಸತ್ತ. ಇನ್ನು ರಾಜನನ್ನು ನಾವೇ ಆರಿಸುತ್ತೇವೆ ಅಂದರು. 1573ರಲ್ಲಿ ವಾರ್ಸಾದ ಹತ್ತಿರ ಒಂದು ಬಯಲಿನಲ್ಲಿ ಸುಮಾರು 40,000 ಕುಲೀನರು ಕುದುರೆ, ಡೇರೆ ಸಮೇತ ಸೇರಿ ಫ್ರಾನ್ಸಿನ ರಾಜಕುಮಾರ ಹೆನ್ರಿಯನ್ನು ಆರಿಸಿದರು. ಷರತ್ತುಗಳ ಪಟ್ಟಿಗೆ ಅವನು ತಲೆಬಾಗಬೇಕಾಯಿತು. ರಾಜ ಮಾತು ತಪ್ಪಿದರೆ ಅವನಿಗೆ ವಿಧೇಯರಾಗಿರಬೇಕಿಲ್ಲ ಅನ್ನುವುದೂ ಆ ಪಟ್ಟಿಯಲ್ಲಿತ್ತು. ಆ ಹುಡುಗ ಮಾಡಿದ್ದೇನು? 1574ರಲ್ಲಿ ಫ್ರಾನ್ಸಿನ ರಾಜನಾಗಿದ್ದ ಅಣ್ಣ ಸತ್ತ ಸುದ್ದಿ ಬಂತು. ರಾತ್ರೋರಾತ್ರಿ ಕ್ರಾಕೋವ್ ಅರಮನೆಯಿಂದ ಪರಾರಿ! ಹಿಂದೆ ಬಿದ್ದವರು ಎಷ್ಟು ಬೇಡಿಕೊಂಡರೂ ವಾಪಸ್ ಬರಲಿಲ್ಲ. ಅವನ ಹೆಸರಿನ ಷರತ್ತುಗಳು ಮಾತ್ರ ಉಳಿದವು. ಮುಂದಿನ ರಾಜರೆಲ್ಲ ಅವಕ್ಕೇ ಪ್ರಮಾಣ ಮಾಡಬೇಕಾಯಿತು.

ಒಬ್ಬನೇ ಸದಸ್ಯ ಬೇಡ ಅಂದರೆ ಇಡೀ ಸಂಸತ್ತು ನಿಲ್ಲುತ್ತಿತ್ತಂತೆ, ಹೌದಾ?

ಹೌದು. ಅದರ ಹೆಸರು ‘ಲಿಬೆರುಮ್ ವೀಟೋ’. ಎಲ್ಲ ಕುಲೀನರೂ ಸಮ ಅಂದಮೇಲೆ ಒಬ್ಬನ ಮಾತನ್ನೂ ತುಳಿಯುವ ಹಾಗಿಲ್ಲ ಅನ್ನುವುದು ತರ್ಕ. 1652ರಲ್ಲಿ ಸಿಚಿನ್ಸ್ಕಿ ಎಂಬ ಸದಸ್ಯ ಅಧಿವೇಶನ ಮುಂದುವರಿಸುವುದು ಬೇಡ ಅಂದು ಎದ್ದು ಹೋದ. ಒಬ್ಬನಿಂದಲೇ ಸೇಯ್ಮ್ ಮುರಿದದ್ದು ಅದೇ ಮೊದಲು. ಒಮ್ಮೆ ದಾರಿ ಗೊತ್ತಾದ ಮೇಲೆ ಕೇಳಬೇಕೆ? ಒಬ್ಬ ಬಡ ಸದಸ್ಯನ ಕೈಗೆ ನಾಣ್ಯದ ಗಂಟು ಇಟ್ಟರೆ ಇಡೀ ದೇಶದ ಕೆಲಸ ನಿಲ್ಲಿಸಬಹುದು. ಮ್ಯಾಗ್ನೇಟರೂ ಇದನ್ನು ಬಳಸಿಕೊಂಡರು, ನೆರೆಯ ರಾಜರೂ ಬಳಸಿಕೊಂಡರು. ಮೂರನೇ ಅಗಸ್ಟಸ್ 1733ರಿಂದ 1763ರವರೆಗೆ ಆಳಿದ. ಆ 30 ವರ್ಷದಲ್ಲಿ ಒಂದೇ ಒಂದು ಸೇಯ್ಮ್, 1736ರದು, ಕೆಲಸ ಮುಗಿಸಿ ಎದ್ದಿತು.

ಹೆರ್ಬ್ ಅಂದಿರಲ್ಲ, ಅದು ಪ್ರತಿ ಮನೆತನಕ್ಕೂ ಬೇರೆಯೇ?

ಇಲ್ಲ. ಪಶ್ಚಿಮ ಯುರೋಪಿನಲ್ಲಿ ಲಾಂಛನ ಒಂದು ಮನೆತನದ ಸ್ವತ್ತು. ಇಲ್ಲಿ ಒಂದೇ ಲಾಂಛನವನ್ನು ಹತ್ತಾರು, ಕೆಲವು ಸಲ ನೂರಾರು ಮನೆತನಗಳು ಹಂಚಿಕೊಳ್ಳುತ್ತಿದ್ದವು. ಪ್ರತಿ ಹೆರ್ಬ್‌ಗೂ ಸ್ವಂತ ಹೆಸರಿದೆ. ಲೆಲಿವಾ ಅಂದರೆ ಅರ್ಧಚಂದ್ರ ಮತ್ತು ನಕ್ಷತ್ರ. ನವೆಂಚ್ ಅಂದರೆ ಗಂಟು ಹಾಕಿದ ತಲೆಪಟ್ಟಿ.

ನನಗೆ ಮರೆಯಲಾಗದ ಹೆಸರು ಯೆಲಿತಾ. ಅದರ ಅರ್ಥ ಕರುಳು! ಲಾಂಛನದಲ್ಲಿ ಕಾಣುವುದು ಮೂರು ಈಟಿ. ಅದರ ಹಿಂದೆ ಒಂದು ದಂತಕಥೆ ಇದೆ. 1331ರಲ್ಲಿ ಪ್ವೊಫ್ತ್ಸೆ ಕಾಳಗ ಮುಗಿದ ಮೇಲೆ ರಾಜ ರಣಭೂಮಿಯಲ್ಲಿ ನಡೆದು ಬರುತ್ತಿದ್ದನಂತೆ. ಫ್ಲೋರಿಯನ್ ಶಾರಿ ಎಂಬವನ ಮೈಗೆ ಮೂರು ಈಟಿ ನೆಟ್ಟಿದ್ದವು. ಅವನು ಎರಡೂ ಕೈಯಲ್ಲಿ ತನ್ನ ಕರುಳನ್ನು ಹೊಟ್ಟೆಯೊಳಗೆ ಒತ್ತಿ ಹಿಡಿದು ಬಿದ್ದಿದ್ದ. ‘ಎಂಥ ನೋವು’ ಅಂದನಂತೆ ರಾಜ. ‘ನನ್ನ ಊರಿನ ಕೆಟ್ಟ ನೆರೆಯವನು ಕೊಡುವ ನೋವಿನ ಮುಂದೆ ಇದೇನೂ ಅಲ್ಲ’ ಅಂದನಂತೆ ಅವನು. ಕಥೆ ಕಥೆಯೇ. ಆದರೆ ನೆರೆಯವರ ಬಗ್ಗೆ ಅವನ ಮಾತು ಎಲ್ಲ ಕಾಲಕ್ಕೂ ನಿಜ ಅಲ್ವಾ?

ಹೆರ್ಬ್ ಹಂಚಿಕೊಳ್ಳುವ ಪದ್ಧತಿಯನ್ನು ರಾಜಕೀಯಕ್ಕೂ ಬಳಸಿದರು. 1413ರಲ್ಲಿ ಹೊರೊದ್ವೊ ಎಂಬಲ್ಲಿ ಪೋಲೆಂಡಿನ ಕುಲೀನರು 47 ಲಿಥುವೇನಿಯಾ ಮನೆತನಗಳನ್ನು ತಮ್ಮ ಹೆರ್ಬ್‌ಗಳೊಳಗೆ ಸೇರಿಸಿಕೊಂಡರು. ಒಂದರ್ಥದಲ್ಲಿ ದತ್ತು. ಕುಲ ಅನ್ನುವುದು ರಕ್ತದಿಂದ ಮಾತ್ರ ಬರುವುದು ಅಂತ ಸಾಧಿಸುತ್ತಿದ್ದವರೇ, ಬೇಕಾದಾಗ ಒಂದು ಕಾಗದದಿಂದ ಕುಲ ಹಂಚಿದರು.

ಹೆಸರಿನ ಕೊನೆಗೆ ‘ಸ್ಕಿ’ ಇದ್ದವರೆಲ್ಲ ಈ ವಂಶದವರೇ?

ಅಲ್ಲ. ‘ಸ್ಕಿ’ ಅಂದರೆ ‘ಇಂಥ ಊರಿನ’ ಅಂತ. ತರ್ನೋಫ್ ಊರು ಕೈಯಲ್ಲಿದ್ದವರು ತರ್ನೋಫ್ಸ್ಕಿ. ಮೊದಲು ಇದು ಕುಲೀನರ ಗುರುತಾಗಿತ್ತು. ಆಮೇಲೆ ಎಲ್ಲರೂ ಇಟ್ಟುಕೊಂಡರು. ಕೊವಾಲ್ಸ್ಕಿ ಪೋಲೆಂಡಿನ ಅತಿ ಸಾಮಾನ್ಯ ಹೆಸರುಗಳಲ್ಲಿ ಒಂದು. ಕೊವಾಲ್ ಅಂದರೆ ಕಮ್ಮಾರ.

ತಾವು ಸರ್ಮಾಟಿಯನ್ನರ ವಂಶ ಅಂತ ಹೇಳಿಕೊಳ್ಳುತ್ತಿದ್ದರಂತೆ?

ಹೇಳಿಕೊಳ್ಳುತ್ತಿದ್ದರು, ನಂಬಿಯೂ ಇದ್ದರು. ಸರ್ಮಾಟಿಯನ್ನರು ಕಪ್ಪು ಸಮುದ್ರದ ಉತ್ತರದ ಹುಲ್ಲುಗಾವಲಲ್ಲಿ ಓಡಾಡುತ್ತಿದ್ದ ಪ್ರಾಚೀನ ಕುದುರೆ ಸವಾರರು, ಇರಾನಿ ಭಾಷೆಯವರು. ನಾವು ಆ ವೀರರ ಮಕ್ಕಳು, ರೈತರು ಬೇರೆ ಬೀಜ ಅನ್ನುವುದು ಇದರ ತಿರುಳು. ರೈತರಿಗೆ ಬೈಬಲ್‌ನಿಂದ ಒಬ್ಬ ಮೂಲಪುರುಷನನ್ನೂ ಹುಡುಕಿ ಕೊಟ್ಟಿದ್ದರು: ತಂದೆಯ ಶಾಪಕ್ಕೆ ಕಾರಣನಾದ, ನೋಹನ ಮಗ ಹ್ಯಾಮ್. ಇವತ್ತಿಗೂ ಪೋಲಿಷ್‌ನಲ್ಲಿ ‘ಖಾಮ್’ ಅಂದರೆ ಒರಟ, ಸಂಸ್ಕಾರ ಇಲ್ಲದವನು. ಬೈಗುಳ ಉಳಿದಿದೆ, ಎಲ್ಲಿಂದ ಬಂತು ಅಂತ ಬೈಯುವವರು ಯೋಚಿಸುವುದಿಲ್ಲ.

ಈ ನಂಬಿಕೆ ಉಡುಪಿಗೂ ಇಳಿಯಿತು. ಮಿಕ್ಕ ಯುರೋಪು ಬಿಗಿ ಚಲ್ಲಣ, ಸುಳ್ಳುಕೂದಲು ಹಾಕಿಕೊಂಡಿದ್ದಾಗ ಇವರು ಪೂರ್ವದವರ ಹಾಗೆ ಉದ್ದ ನಿಲುವಂಗಿ ತೊಟ್ಟರು. ಒಳಗೆ ಜುಪಾನ್, ಮೇಲೆ ತೋಳು ಸೀಳಿದ ಕೊಂತುಷ್, ಸೊಂಟಕ್ಕೆ ಬಾಗಿದ ಕರಬೇಲಾ ಕತ್ತಿ. ತಲೆ ಬೋಳಿಸಿ ನೆತ್ತಿಯಲ್ಲಿ ಒಂದು ಜುಟ್ಟು. 1683ರಲ್ಲಿ ವಿಯೆನ್ನಾ ಬಳಿ ತುರ್ಕರ ಮೇಲೆ ಹೋರಾಡುವಾಗ ತಮ್ಮವರಿಗೇ ಗುರುತು ಸಿಗಲಿ ಅಂತ ಮೈಮೇಲೆ ಹುಲ್ಲು ಕಟ್ಟಿಕೊಂಡಿದ್ದರು ಅನ್ನುವ ಕಥೆ ಇದೆ. ಅಷ್ಟರಮಟ್ಟಿಗೆ ಶತ್ರುವಿನ ಹಾಗೇ ಕಾಣುತ್ತಿದ್ದರು.

ಈ ಉಡುಪಿನಲ್ಲಿ ನನ್ನ ಕಣ್ಣು ನಿಲ್ಲುವುದು ಸೊಂಟಪಟ್ಟಿಯ ಮೇಲೆ. ರೇಷ್ಮೆ, ಚಿನ್ನದ ಎಳೆ. ಉದ್ದ ಮೂರು ಮೀಟರಿಗೂ ಜಾಸ್ತಿ. 18ನೇ ಶತಮಾನದಲ್ಲಿ ರಾಜಿವಿಲ್ ಮನೆತನ ಈಗಿನ ಬೆಲಾರುಸ್‌ನ ಸ್ಲುತ್ಸ್ಕ್ ಊರಿನಲ್ಲಿ ನೇಯಿಸುತ್ತಿದ್ದ ಪಟ್ಟಿ ಬಹಳ ಹೆಸರುವಾಸಿ. ಅದರಲ್ಲಿ ಒಳ್ಳೆಯವಕ್ಕೆ ನಾಲ್ಕು ಮುಖ. ಬಟ್ಟೆಗೆ ಎರಡು ಮಗ್ಗುಲು, ಪ್ರತಿ ಮಗ್ಗುಲಲ್ಲೂ ಉದ್ದಕ್ಕೆ ಅರ್ಧ ಒಂದು ಬಣ್ಣ, ಅರ್ಧ ಇನ್ನೊಂದು. ಉದ್ದಕ್ಕೆ ಮಡಿಸಿ ಸುತ್ತಿಕೊಂಡರೆ ಒಂದೇ ಬಣ್ಣ ಕಾಣುತ್ತದೆ. ಹಬ್ಬಕ್ಕೆ ಕೆಂಪು, ಸಾವಿನ ಮನೆಗೆ ಕಪ್ಪು. ಒಂದೇ ಪಟ್ಟಿಯಲ್ಲಿ ನಾಲ್ಕು ಪಟ್ಟಿ!

ಸತ್ತ ಮೇಲೂ ಈ ಠೀವಿ ಬಿಡಲಿಲ್ಲ. ಸತ್ತವನ ಮುಖವನ್ನು ತಗಡಿನ ಮೇಲೆ ಬರೆಸಿ ಶವಪೆಟ್ಟಿಗೆಯ ತಲೆಯ ಕಡೆ ಬಡಿಯುತ್ತಿದ್ದರು. ತಗಡು ಪೆಟ್ಟಿಗೆಯ ತುದಿಯ ಆಕಾರಕ್ಕೇ ಆರೋ ಎಂಟೋ ಮೂಲೆಯದು. ಚರ್ಚಿನಲ್ಲಿ ಕೂತವರನ್ನು ಸತ್ತವನೇ ಕಣ್ಣು ಬಿಟ್ಟು ನೋಡುತ್ತಿದ್ದ. ಬರೆದವರು ಅಂದ ಮಾಡಲು ಹೋಗುತ್ತಿರಲಿಲ್ಲ. ಜೋಲುಗಲ್ಲ ಇದ್ದರೆ ಜೋಲುಗಲ್ಲವೇ.

ಯಾರು ಬೇಕಾದರೂ ನಾನು ಶ್ಲಾಖ್ಚಿಟ್ಸ್ ಅಂತ ಹೇಳಿಕೊಳ್ಳಬಹುದಿತ್ತಲ್ಲ?

ಹೇಳಿಕೊಳ್ಳುತ್ತಿದ್ದರು! ಮಧ್ಯದಲ್ಲಿ ಕೂತು ಪಟ್ಟಿ ಇಡುವ ಕಚೇರಿ ಪೋಲೆಂಡಿನಲ್ಲಿ ಇರಲಿಲ್ಲ. ಯಾರಾದರೂ ಅನುಮಾನ ಎತ್ತಿದರೆ ಅಪ್ಪನ ಕಡೆ, ಅಮ್ಮನ ಕಡೆ ಬಂಧುಗಳನ್ನು ಕರೆತಂದು ಸಾಕ್ಷಿ ಹೇಳಿಸಬೇಕು. ಯಾರೂ ಕೇಳದಿದ್ದರೆ ನಡೆಯುತ್ತಿತ್ತು. ಜಾಣ ರೈತ ದೂರದ ಊರಿಗೆ ಹೋಗಿ, ಹೆಸರಿಗೆ ‘ಸ್ಕಿ’ ಸೇರಿಸಿ, ಕತ್ತಿ ಕಟ್ಟಿಕೊಂಡು, ಕುಲೀನರ ಹುಡುಗಿಯನ್ನು ಮದುವೆಯಾದರೆ ಮಕ್ಕಳ ಕಾಲಕ್ಕೆ ಎಲ್ಲ ಮರೆತುಹೋಗುತ್ತಿತ್ತು.

ಇದನ್ನು ಸಹಿಸಲಾಗದ ಒಬ್ಬ ಮನುಷ್ಯ ಇದ್ದ. ವಲೇರಿಯನ್ ನೆಕಾಂಡಾ ತ್ರೆಪ್ಕಾ. 17ನೇ ಶತಮಾನದ ಮೊದಲ ಭಾಗದಲ್ಲಿ ಸಂತೆ, ಹೋಟೆಲು, ಕೋರ್ಟು ಅಂತ ಅಲೆದು, ಕಿವಿಗೆ ಬಿದ್ದ ಗಾಸಿಪ್ಪನ್ನೆಲ್ಲ ಬರೆದುಕೊಂಡು ಸುಮಾರು 2,500 ನಕಲಿ ಕುಲೀನರ ಪಟ್ಟಿ ಮಾಡಿದ. ಇವನ ಅಪ್ಪ ಮಿಲ್ಲಿನವನು, ಇವನ ಅಜ್ಜ ಚಮ್ಮಾರ, ಹೀಗೆ. ಆ ಕೈಬರಹದ ಪುಸ್ತಕಕ್ಕೆ ಬಿದ್ದ ಅಡ್ಡಹೆಸರು ‘ಲಿಬೆರ್ ಖಾಮೊರುಮ್’, ಅಂದರೆ ಹ್ಯಾಮನ ಸಂತಾನದವರ ಪುಸ್ತಕ. ಅಚ್ಚಾದದ್ದು 20ನೇ ಶತಮಾನದಲ್ಲಿ. ಅಷ್ಟು ಹೊತ್ತಿಗೆ ಹೊಟ್ಟೆ ಉರಿದುಕೊಳ್ಳಲು ಯಾರೂ ಉಳಿದಿರಲಿಲ್ಲ. ಇತಿಹಾಸಕಾರರಿಗೆ ಮಾತ್ರ ಹಬ್ಬ. ಸಾಮಾನ್ಯರು ಮೇಲೇರಲು ಯಾವ ಯಾವ ಉಪಾಯ ಹೂಡುತ್ತಿದ್ದರು ಅನ್ನುವುದನ್ನು, ಅವರನ್ನು ದ್ವೇಷಿಸಿದವನೇ ಬರೆದಿಟ್ಟು ಹೋಗಿದ್ದಾನೆ.

ನೇರ ದಾರಿಯೂ ಇತ್ತು. ಯುದ್ಧದಲ್ಲಿ ಸಾಹಸ ಮಾಡಿದವರಿಗೆ ಕುಲೀನ ಪದವಿ ಕೊಡುತ್ತಿದ್ದರು. ಕುಲೀನ ಪದವಿ ಕೊಡಲು 1578ರಿಂದ ಸಾಮಾನ್ಯವಾಗಿ ಸೇಯ್ಮ್‌ನ ಒಪ್ಪಿಗೆ ಬೇಕಾಯಿತು.

ಹಾಗಾದರೆ ಇದು ಜಾತಿಯ ಹಾಗೆ ಅಲ್ವಾ?

ಹುಟ್ಟಿನಿಂದ ಬರುತ್ತದೆ ಅನ್ನುವಷ್ಟಕ್ಕೆ ಹೌದು. ಆದರೆ ಮದುವೆಯಲ್ಲಿ ಅಷ್ಟು ಬಿಗಿ ಇಲ್ಲ. ಸಾಮಾನ್ಯರ ಹುಡುಗಿ ಕುಲೀನನನ್ನು ಮದುವೆಯಾದರೆ ಕುಲೀನಳಾಗುತ್ತಿದ್ದಳು, ಮಕ್ಕಳಿಗೂ ಅಪ್ಪನ ಹೆರ್ಬ್. ಉಲ್ಟಾ ಆದರೆ ಮಕ್ಕಳಿಗೆ ಇಲ್ಲ. ಇದು ಕಾನೂನು ಕಟ್ಟಿದ ವರ್ಗ. ಕಾನೂನು ಬಿಚ್ಚಿದಾಗ ಬಿಚ್ಚಿಕೊಂಡಿತು.

ಬಡ ಕುಲೀನರು ಅಂಗಡಿ ಇಟ್ಟು ಬದುಕಬಹುದಿತ್ತಲ್ಲ?

ಇಡುವ ಹಾಗಿರಲಿಲ್ಲ. ಪಟ್ಟಣಕ್ಕೆ ಹೋಗಿ ವ್ಯಾಪಾರವನ್ನೋ ಕಸುಬನ್ನೋ ಹಿಡಿದರೆ ಕುಲ ಹೋಗುತ್ತಿತ್ತು. ಈ ಕಾನೂನು ತೆಗೆದದ್ದು 1775ರಲ್ಲಿ. ತಮಾಷೆ ಏನೆಂದರೆ ತನ್ನ ಹೊಲದ ಗೋಧಿ, ರೈ ಧಾನ್ಯವನ್ನು ವಿಸ್ತುಲಾ ನದಿಯಲ್ಲಿ ದೋಣಿಗೆ ಹಾಕಿ ಗ್ದಾನ್ಸ್ಕ್ ಬಂದರಿಗೆ ಕಳಿಸಿ ಮಾರಿದರೆ ಅದು ವ್ಯಾಪಾರ ಅಲ್ಲ. ಅದು ಬೇಸಾಯ! ಸುಂಕವೂ ಇಲ್ಲ.

ಹೊಲದಲ್ಲಿ ದುಡಿದವರ ಕಥೆ ಏನು?

ಅವರಿಗೆ ಈ ಸ್ವಾತಂತ್ರ್ಯದ ಬಿಲ್ಲು ಹೋಯಿತು. 1496ರ ಕಾನೂನಿನಿಂದ ಒಂದು ಹಳ್ಳಿಯಿಂದ ವರ್ಷಕ್ಕೆ ಒಬ್ಬ ರೈತ ಮಾತ್ರ ಬಿಟ್ಟು ಹೋಗಬಹುದು. 1518ರಲ್ಲಿ ರಾಜ ಕೈ ತೊಳೆದುಕೊಂಡ, ಒಡೆಯನ ಮೇಲೆ ರೈತ ಕೊಡುವ ದೂರನ್ನು ಇನ್ನು ಕೇಳುವುದಿಲ್ಲ ಅಂದ. 1520ರಲ್ಲಿ ವಾರಕ್ಕೆ ಕಡಿಮೆ ಅಂದರೂ ಒಂದು ದಿನ ಒಡೆಯನ ಹೊಲದಲ್ಲಿ ಬಿಟ್ಟಿ ದುಡಿಮೆ ಕಡ್ಡಾಯವಾಯಿತು. ಆ ಒಂದು ದಿನ ಮುಂದೆ ಮೂರಾಯಿತು, ನಾಲ್ಕಾಯಿತು. ಗ್ದಾನ್ಸ್ಕ್‌ಗೆ ಹೋದ ಧಾನ್ಯ ಬೆಳೆದದ್ದು ಹೀಗೆ. ರಾಜನ ಮುಂದೆ ತಲೆಬಾಗದ ಜನ ಅಂತ ಶ್ಲಾಖ್ತಾವನ್ನು ಹೊಗಳುವ ಪುಸ್ತಕಗಳು ಈ ಪುಟವನ್ನು ಬೇಗ ತಿರುವಿಬಿಡುತ್ತವೆ. ನನಗೆ ಅದು ಸರಿ ಕಾಣುವುದಿಲ್ಲ.

1846ರ ಫೆಬ್ರವರಿಯಲ್ಲಿ, ಹಳೆಯ ಪೋಲೆಂಡಿನ ಭಾಗವಾಗಿದ್ದು ಆಗ ಆಸ್ಟ್ರಿಯಾದ ಕೈಯಲ್ಲಿದ್ದ ಗಲೀಷಿಯಾದಲ್ಲಿ ಕುಲೀನರು ಸ್ವಾತಂತ್ರ್ಯಕ್ಕೆ ದಂಗೆ ಎದ್ದರು. ರೈತರು ಅವರ ಜೊತೆ ಹೋಗಲಿಲ್ಲ. ಕೊಡಲಿ, ಕುಡುಗೋಲು ಹಿಡಿದು ನೂರಾರು ಒಡೆಯರ ಮನೆಗಳಿಗೆ ನುಗ್ಗಿದರು. ಕಡಿಮೆ ಅಂದರೂ 1,000 ಜನ ಸತ್ತರು.

ಈ ವರ್ಗ ಯಾವಾಗ ಮುಗಿಯಿತು?

ಒಂದೇ ದಿನದಲ್ಲಿ ಮುಗಿಯಲಿಲ್ಲ. 1791ರಲ್ಲಿ ತಾವೇ ಸುಧಾರಣೆಗೆ ಹೊರಟು ಮೇ 3ರ ಸಂವಿಧಾನ ತಂದರು. ವೀಟೋ ಹೋಯಿತು, ಭೂಮಿ ಇಲ್ಲದ ಕುಲೀನರ ಮತವೂ ಹೋಯಿತು. ತಡವಾಗಿತ್ತು. ರಷ್ಯಾ, ಪ್ರಷ್ಯಾ, ಆಸ್ಟ್ರಿಯಾ 1772, 1793 (ಈ ಸಲ ಆಸ್ಟ್ರಿಯಾ ಇರಲಿಲ್ಲ), 1795ರಲ್ಲಿ ಮೂರು ಸಲ ಹಂಚಿಕೊಂಡು ದೇಶವನ್ನೇ ನಕ್ಷೆಯಿಂದ ಅಳಿಸಿದವು.

ಹೊಸ ದೊರೆಗಳು ಒಂದು ಪ್ರಶ್ನೆ ಕೇಳಿದರು: ಕಾಗದ ತೋರಿಸಿ. ತನ್ನ ವಿರುದ್ಧ ಪೋಲೆಂಡಿನವರು ಎದ್ದ 1830ರ ದಂಗೆಯ ನಂತರ ರಷ್ಯಾ ಇದನ್ನು ಬಿಗಿ ಮಾಡಿತು. ಬದುವಿನಲ್ಲಿ ಕತ್ತಿ ನೆಟ್ಟು ಉಳುತ್ತಿದ್ದವನ ಹತ್ತಿರ ಕಾಗದ ಎಲ್ಲಿಂದ ಬರಬೇಕು? ಅವನ ಕುಲ ಊರಿಗೆಲ್ಲ ಗೊತ್ತಿತ್ತು, ಅಷ್ಟೇ. ಲಕ್ಷಾಂತರ ಜನ ಕಚೇರಿಯ ಲೆಕ್ಕದಲ್ಲಿ ರೈತರಾದರು, ಪಟ್ಟಣಿಗರಾದರು. ಕೊನೆಗೆ ಸ್ವತಂತ್ರ ಪೋಲೆಂಡಿನ 1921ರ ಸಂವಿಧಾನ ಕುಲೀನ ಬಿರುದು, ಲಾಂಛನ ಯಾವುದಕ್ಕೂ ಮಾನ್ಯತೆ ಇಲ್ಲ ಅಂತ ಬರೆಯಿತು.

ಪದ ಬೇರೆ ಭಾಷೆಗಳಿಗೂ ಹೋಗಿದೆಯೇ?

ಉಕ್ರೇನಿಯನ್, ಬೆಲಾರುಸಿಯನ್, ಸ್ಲೋವಾಕ್, ಲಿಥುವೇನಿಯನ್ ಎಲ್ಲದರಲ್ಲೂ ಸ್ವಲ್ಪ ಸ್ವಲ್ಪ ಬದಲಾಗಿ ಇದೆ. ರೊಮೇನಿಯನ್‌ಗೆ ಹೋದದ್ದು ಮಾತ್ರ ದಾರಿ ತಪ್ಪಿತು. ಅಲ್ಲಿ ‘ಶ್ಲ್ಯಾಹ್ತ’ ಅಂದರೆ ಪುಂಡರ ಗುಂಪು ಅನ್ನುವ ಅರ್ಥವೂ ಇದೆ.

ಇವತ್ತಿನ ಪೋಲೆಂಡಿನಲ್ಲಿ ಈ ಪದ ಕಿವಿಗೆ ಬೀಳುತ್ತದೆಯೇ?

ಬೀಳುತ್ತದೆ. ‘ಶ್ಲಾಖೆಟ್ನಿ’ ಅಂದರೆ ಉದಾತ್ತ, ಒಳ್ಳೆಯ ಮನಸ್ಸಿನ. ಅಮೂಲ್ಯ ರತ್ನಕ್ಕೂ ಚಿನ್ನ ಬೆಳ್ಳಿಯಂಥ ಲೋಹಕ್ಕೂ ಅದೇ ಗುಣವಾಚಕ. ಯುವಕರು ಸೋಮಾರಿತನಕ್ಕೆ ನೆಪ ಹೇಳುವಾಗ ‘ಶ್ಲಾಖ್ತಾ ಕೆಲಸ ಮಾಡುವುದಿಲ್ಲ’ ಅಂತ ನಗಾಡುತ್ತಾರೆ.

ಆದರೆ ಜಾಸ್ತಿ ಉಳಿದಿರುವುದು ಬೇರೆ ಪದದಲ್ಲಿ. ‘ಪಾನ್’ ಅಂದರೆ ಒಡೆಯ, ‘ಪಾನಿ’ ಅಂದರೆ ಒಡತಿ. ಹಿಂದೆ ಆ ಮರ್ಯಾದೆಯ ಮಾತು ಮೇಲಿನವರಿಗೆ, ರೈತನಿಗೆ ಏಕವಚನ. ಈಗ ನಾವು ‘ನೀವು’ ಅನ್ನುವ ಕಡೆಯೆಲ್ಲ ಅವರು ಪಾನ್, ಪಾನಿ ಅನ್ನುತ್ತಾರೆ. ಟಿಕೆಟ್ ಕೇಳುವ ಕಂಡಕ್ಟರಿಗೂ ಪಾನ್, ತರಕಾರಿ ಮಾರುವವರಿಗೂ ಪಾನಿ. ಯಾವ ಕಾಗದವನ್ನೂ ಯಾರೂ ಕೇಳುವುದಿಲ್ಲ.